ಅತ್ತೆಯ ಪರವಾಗಿ ನಾನು ಹೇಳಿದ್ದು

ನಮ್ಮದು ಬಹಳ ಶುದ್ಧವಾದ ಮನೆ. ಇದನ್ನು ಯಾರೂ ಹೊಗಳಿಕೆ ಎಂದು ತಿಳಿಯಬೇಡಿ. ಡೊಂಬಿವಲಿ ಪೂರ್ವದಲ್ಲಿ ಲಿಫ್ಟ್ ಇಲ್ಲದ ಒಂದು ಕಟ್ಟಡ, ಅದರ ಮೂರನೇ ಮಹಡಿಯಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ, ಇಲ್ಲಿಯವರು ಗ್ಯಾಲರಿ ಎನ್ನುವ ಮೂರಡಿ ಅಗಲದ ಒಂದು ಬಾಲ್ಕನಿ. ಇಷ್ಟರೊಳಗೆ ಅಜ್ಜಿ ಉಡುಪಿ ಕಡೆಯ ಒಂದು ದೊಡ್ಡ ಮನೆಯ ಮಡಿಯನ್ನೆಲ್ಲ ತಂದು ತುರುಕಿದ್ದರು. ಅಡುಗೆಮನೆಯ ಮಾಡಿನಡಿ ಕಟ್ಟಿದ ಗಳುವಿನ ಮೇಲೆ ಅವರ ಮಡಿಸೀರೆ ಒಣಗುತ್ತಿತ್ತು, ಅದನ್ನು ಕೋಲಿನಲ್ಲಿ ಮಾತ್ರ ಇಳಿಸಬೇಕು. ಬೆಳಿಗ್ಗೆ ಒಂದು ತಾಸು ಬರುವ ನಲ್ಲಿನೀರಿನಲ್ಲಿ ಮೊದಲ ಕೊಡ ದೇವರಿಗೆ, ಎರಡನೆಯದು ಅಡುಗೆಗೆ, ಆಮೇಲೆ ನಮ್ಮ ಹಲ್ಲು ಮುಖ. ಶಾಲೆಯ ಯೂನಿಫಾರ್ಮಿನಲ್ಲಿ ನಾನು ಅಡುಗೆಮನೆಯ ಹೊಸ್ತಿಲು ದಾಟಿದರೆ ಬೈಗುಳ. ರಬಾಳೆಯ ಕಾರ್ಖಾನೆಯ ಆಫೀಸಿನಲ್ಲಿ ದುಡಿದು, ಎರಡು ಟ್ರೇನ್ ಬದಲಿಸಿ, ನೂರು ಜನರ ಬೆವರು ಮೈಗೆ ಒರೆಸಿಕೊಂಡು ಬಂದ ಅಪ್ಪ ಮಾತ್ರ ಕಾಲಿಗೊಂದು ಚೊಂಬು ನೀರು ಸುರಿದುಕೊಂಡರೆ ಸಾಕು, ಶುದ್ಧ. ಚಿಕ್ಕವಳಿದ್ದಾಗ ಇದೆಲ್ಲ ಸಹಜವೆಂದೇ ತಿಳಿದಿದ್ದೆ.

ಇನ್ನು ತಿಂಗಳ ಮೂರು ದಿನ. ನಮ್ಮಲ್ಲಿ ಅದಕ್ಕೆ ಹೊರಗಾಗುವುದು ಎನ್ನುತ್ತಿದ್ದರು. ಊರಿನ ಮನೆಗಳಲ್ಲಿ ಹೊರಗಾದವರು ಕೂರಲು ಹೊರಗೆ ಎಂಬ ಒಂದು ಜಾಗವಾದರೂ ಇರುತ್ತದೆ. ಫ್ಲ್ಯಾಟಿನಲ್ಲಿ ಹೊರಗೆ ಎಂದರೆ ಮೆಟ್ಟಿಲು. ಅಲ್ಲಿ ಕೂರಿಸಿದರೆ ಸೊಸೈಟಿಯವರು ಏನೆಂದಾರು? ಹಾಗಾಗಿ ಅಮ್ಮನಿಗೆ ಬೆಡ್‌ರೂಮಿನ ಮೂಲೆ, ಅತ್ತೆಗೆ ಗ್ಯಾಲರಿ ಎಂದು ಅಜ್ಜಿ ಪಾಲು ಮಾಡಿಕೊಟ್ಟಿದ್ದರು. ಗ್ಯಾಲರಿಯಲ್ಲಿ ತುಳಸಿಯ ಕುಂಡವಿತ್ತು. ಅತ್ತೆ ಹೊರಗಾದ ದಿನ ಅಜ್ಜಿ ಅದನ್ನು ಎತ್ತಿ ತಂದು ಹಾಲಿನಲ್ಲಿ ಟಿವಿಯ ಪಕ್ಕ ಇಡುತ್ತಿದ್ದರು. ತುಳಸಿ ಒಳಗೆ, ಮಗಳು ಹೊರಗೆ, ನಡುವಿನ ಬಾಗಿಲಿಗೆ ಚಿಲಕ. ಚಿಲಕ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ.

“ನಿನ್ನ ಅಮ್ಮನಿಗೆ ಬುದ್ಧಿ ಉಂಟು, ಕೂತಲ್ಲಿ ಕೂರ್ತಾಳೆ. ಅದಕ್ಕೆ ಎಂತ ಗೊತ್ತಾಗ್ತದೆ ಮಗಾ? ಎದ್ದು ಬಂದು ಎಲ್ಲ ಮುಟ್ಟಿ ಹಾಕಿದ್ರೆ?”

ಮೂವತ್ತು ವರ್ಷದ ಮಗಳು ಅಜ್ಜಿಗೆ ‘ಅದು’. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಹಾಗೆ ಹೇಳುವುದುಂಟು, ದೊಡ್ಡವರಾಗುತ್ತ ಬಂದಂತೆ ಬಿಡುತ್ತಾರೆ. ಅಪ್ಪನ ತಂಗಿ ಸುನಂದತ್ತೆ ದೊಡ್ಡವರಾದದ್ದು ನಮ್ಮ ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಹುಟ್ಟುವಾಗ ಅವರಿಗೆ ಉಸಿರು ಸಿಕ್ಕಿಕೊಂಡಿತಂತೆ. ಎಡಗಾಲು ಎಳೆದುಕೊಂಡು ಗೋಡೆ ಹಿಡಿದು ನಡೆಯುತ್ತಿದ್ದರು. ಕೈ ಹೇಳಿದ ಕಡೆ ಹೋಗುತ್ತಿರಲಿಲ್ಲ. ಮಾತು ಗಂಟಲಲ್ಲಿ ಉಜ್ಜಿಕೊಂಡು ತುಂಡುತುಂಡಾಗಿ ಬರುತ್ತಿತ್ತು. ತಲೆಗೆ ಏನೂ ಆಗಿರಲಿಲ್ಲ. ಅಪ್ಪ ತರುತ್ತಿದ್ದ ಕನ್ನಡ ವಾರಪತ್ರಿಕೆಯನ್ನು ನೆಲದ ಮೇಲೆ ಹರಡಿ, ಮೊಣಕೈಯಿಂದ ಒತ್ತಿ ಹಿಡಿದು, ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದರು. ಧಾರಾವಾಹಿಯಲ್ಲಿ ಮುಂದಿನ ವಾರ ಯಾರು ಸಾಯುತ್ತಾರೆಂದು ನನಗೆ ಮೊದಲೇ ಹೇಳಿಬಿಡುತ್ತಿದ್ದರು. ಅತ್ತೆಗೆ ಎಲ್ಲ ತಿಳಿಯುತ್ತದೆಂದು ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ ಎಂದು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ, ಅವರಿಗೂ ಗೊತ್ತಿತ್ತು. ಗೊತ್ತಿದೆ ಎಂದು ಒಪ್ಪಿಕೊಂಡರೆ ಅತ್ತೆಯನ್ನು ಒಂದು ಮಾತು ಕೇಳಬೇಕಾಗುತ್ತದೆ, ಕೇಳಿದರೆ ಉತ್ತರ ಬರುವ ತನಕ ಕಾಯಬೇಕಾಗುತ್ತದೆ. ಒಂದು ವಾಕ್ಯಕ್ಕೆ ಎರಡು ನಿಮಿಷ. ಫಾಸ್ಟ್ ಲೋಕಲ್ ಹಿಡಿಯಲು ಓಡುವ ಮನೆಯಲ್ಲಿ ಎರಡು ನಿಮಿಷ ಯಾರ ಹತ್ತಿರವೂ ಇರುವುದಿಲ್ಲ.

ನನ್ನ ಹತ್ತಿರ ಇತ್ತು. ಹಾಲಿನಲ್ಲಿ ಅವರ ಪಕ್ಕದಲ್ಲೇ ಮಲಗಿ ಬೆಳೆದವಳಾದ್ದರಿಂದ ಅವರ ಮಾತು ಕಲಿಯುವ ಕಷ್ಟವೇ ನನಗಿರಲಿಲ್ಲ. ಮನೆಯವರು ‘ಎಂತ ಹೇಳ್ತದೆ ಕೇಳು’ ಎನ್ನುವುದು, ನಾನು ಹೇಳುವುದು, ಹೀಗೆ ನಡೆಯುತ್ತಿತ್ತು. ಮಧ್ಯಾಹ್ನ ಶಾಲೆಯಿಂದ ಬಂದ ಮೇಲೆ ಇಬ್ಬರೂ ಮರಾಠಿ ಸೀರಿಯಲ್ ನೋಡುತ್ತಿದ್ದೆವು. ಜಾಹೀರಾತು ಬಂದಾಗಲೆಲ್ಲ ಕಥೆಯನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಕೇಳುತ್ತಿದ್ದರು. ಮೆಚ್ಚುಗೆಯಾಗುವಂಥ ಹುಡುಗಿಯಾಗಿದ್ದೆನೆಂದು ಇದರಿಂದ ತಿಳಿಯಬೇಡಿ. ಅತ್ತೆ ಹೊರಗಾದಾಗ ಓಡಾಟದ ಕೆಲಸವೆಲ್ಲ ನನ್ನದು, ಯಾಕೆಂದರೆ ಮುಟ್ಟಿದರೂ ಮೈಲಿಗೆಯಾಗದ ವಯಸ್ಸು ನನ್ನದೊಂದೇ. ತಟ್ಟೆ ಕೊಡುವುದು, ತಟ್ಟೆ ತರುವುದು, ಪೇಪರಿನಲ್ಲಿ ಸುತ್ತಿದ ಗಂಟನ್ನು ಮೂರು ಮಹಡಿ ಇಳಿಸಿ ಗೇಟಿನ ಬಳಿಯ ಕಸದ ಡಬ್ಬಿಗೆ ಹಾಕುವುದು. ಆ ಗಂಟಿನ ವಾಸನೆ ನನಗೆ ಹೇಸಿಗೆ. ಅತ್ತೆಯ ಕೈ ನಡುಗಿ ಬಟ್ಟೆಗೆ, ನೆಲಕ್ಕೆ ರಕ್ತ ತಾಗಿದ್ದು ಕಂಡರೆ ಹೇಸಿಗೆ. ಅವರೆದುರೇ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅವರು ಮುಖ ಗ್ರಿಲ್ಲಿನ ಕಡೆ ತಿರುಗಿಸುತ್ತಿದ್ದರು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಚೌತಿಯ ದಿನವೇ ಅತ್ತೆ ಹೊರಗಾದರು. ಹದಿನೈದು ದಿನ ಕೂತು ಹಬ್ಬಕ್ಕೆಂದು ಹೂಬತ್ತಿ ಹೊಸೆದವರು ಅವರು. ಸೊಟ್ಟಸೊಟ್ಟ ಬತ್ತಿಗಳು, ಒಂದು ಡಬ್ಬಿ ತುಂಬ. ಬತ್ತಿ ಒಳಗೆ ಬಂತು, ಬತ್ತಿ ಹೊಸೆದವರಿಗೆ ಚಿಲಕ ಬಿತ್ತು. ಅಜ್ಜಿ ನಸುಕಿನಲ್ಲೇ ಎದ್ದು ಕಡುಬು, ಪಂಚಕಜ್ಜಾಯ, ಚಕ್ಕುಲಿ ಎಲ್ಲ ಮಡಿಯಲ್ಲಿ ಮಾಡಿಟ್ಟಿದ್ದರು. ಅತ್ತೆಗೆ ನೀರು ಕೊಟ್ಟು ಬಂದ ನಾನು ಚಿಲಕ ಹಾಕಲು ಮರೆತೆ. ಅಪ್ಪ ಗಂಟೆ ಬಾರಿಸಿ ಆರತಿ ಎತ್ತಿದ್ದೇ ಗ್ಯಾಲರಿಯ ಬಾಗಿಲು ತೆರೆಯಿತು. ಅತ್ತೆ ಗೋಡೆ ಹಿಡಿದು ಬಂದರು. ದೇವರ ಕಡೆ ಹೋಗಲಿಲ್ಲ, ಹಾಲ್ ದಾಟಿ ನೇರವಾಗಿ ಅಡುಗೆಮನೆಗೆ ಹೋದರು. ಹೋಗುವವರನ್ನು ತಡೆಯಬೇಕಾದರೆ ಮುಟ್ಟಬೇಕು, ಮುಟ್ಟುವ ಧೈರ್ಯ ದೊಡ್ಡವರಲ್ಲಿ ಯಾರಿಗೂ ಇರಲಿಲ್ಲ, ಮುಟ್ಟಬಹುದಾಗಿದ್ದ ನನಗೆ ತಡೆಯಬೇಕೆಂದು ಹೊಳೆಯಲಿಲ್ಲ. ನೈವೇದ್ಯದ ಪಾತ್ರೆಗಳ ಪಕ್ಕ ಅಜ್ಜಿಯ ಮಡಿನೀರಿನ ಕೊಡವಿತ್ತು. ಅತ್ತೆ ಆ ಕೊಡದ ಬಾಯಿಯ ಮೇಲೆ ಅಂಗೈ ಊರಿದರು. ಕೈ ನಡುಗಲಿಲ್ಲ. ಅಜ್ಜಿಯ ಮುಖ ನೋಡಿಕೊಂಡು, ತಮಗೆ ಸಾಧ್ಯವಾದಷ್ಟು ಸ್ಪಷ್ಟವಾಗಿ ಹೇಳಿದರು.

“ನಾನೂ ಈ ಮನೆಯವಳು.”

ಅಜ್ಜಿ ನನ್ನ ಕಡೆ ತಿರುಗಿದರು.

“ಎಂತ ಹೇಳಿತು ಅದು?”

ಅಜ್ಜಿಯ ಮುಖ ಕಂಡು ನನಗೆ ಹೆದರಿಕೆಯಾಯಿತು. ಅತ್ತೆಗೆ ಹೊಡೆತ ಬೀಳುತ್ತದೆ ಅನಿಸಿತು.

“ನೀರು ಬೇಕಂತೆ,” ಎಂದೆ.

ಅದು ಅವರನ್ನು ಉಳಿಸಲು ಹೇಳಿದ ಸುಳ್ಳು. ಆ ಗಳಿಗೆಯಲ್ಲಿ ಉಳಿಸಿತು ಕೂಡ. ಅಜ್ಜಿಯ ಸಿಟ್ಟು ಇಳಿದು ಮುಖದಲ್ಲಿ ಕನಿಕರ ಬಂತು. ಪಾಪ, ಬಾಯಾರಿಕೆಯಾದರೆ ಯಾವ ಕೊಡ ಎಂದೂ ತಿಳಿಯದ ಜೀವ, ಹಬ್ಬ ಯಾವುದು ಹೊಲೆ ಯಾವುದು ಗೊತ್ತಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಡುಬೆಲ್ಲ ಕಸಕ್ಕೆ ಹೋಯಿತು. ಅಜ್ಜಿ ಮತ್ತೆ ತಲೆಗೆ ಸ್ನಾನ ಮಾಡಿ ಮತ್ತೆ ಬೇಯಿಸಿದರು, ನಾವು ಊಟ ಮಾಡುವಾಗ ಸಂಜೆ ನಾಲ್ಕು. ಅತ್ತೆ ಜೀವಮಾನದಲ್ಲಿ ಒಮ್ಮೆ ಎದ್ದು ನಿಂತು ತಮ್ಮ ಅಭಿಪ್ರಾಯ ಹೇಳಿದ್ದರು. ಅವರಿಗೆ ಅಭಿಪ್ರಾಯವೇ ಇಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಅದೇ ಸಾಕ್ಷಿಯಾಯಿತು. ಆ ಸಾಕ್ಷಿಯನ್ನು ತಯಾರಿಸಿಕೊಟ್ಟವಳು ನಾನು.

ಹಬ್ಬ ಮುಗಿದ ವಾರ, ಭಾನುವಾರದ ತಿಂಡಿಯ ಹೊತ್ತಿನಲ್ಲಿ ಅಜ್ಜಿ ಮಾತು ತೆಗೆದರು. ಅತ್ತೆ ಅದೇ ಹಾಲಿನಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

“ಕಲ್ಯಾಣದಲ್ಲಿ ನಮ್ಮವರದ್ದೇ ಒಂದು ಮನೆಯಲ್ಲಿ ಇಂಥದ್ದೇ ಮಗಳಿಗೆ ಗರ್ಭಚೀಲ ತೆಗೆಸಿದ್ರಂತೆ ಮಾರಾಯ. ಈಗ ಎಂತ ಕಿರಿಕಿರಿಯೂ ಇಲ್ವಂತೆ.”

ಅಪ್ಪ ದೋಸೆ ಹರಿಯುತ್ತ, “ಅಷ್ಟು ದೊಡ್ಡ ಆಪರೇಷನ್ ಅಮ್ಮ,” ಎಂದರು.

ಅಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು.

“ನಿಮಗೆ ಹೇಳ್ಲಿಕ್ಕೆ ಸುಲಭ. ಪ್ರತಿ ತಿಂಗಳು ಅವಳಿಗೆ ಸ್ನಾನ ಮಾಡಿಸುದು ನಾನು, ಬಟ್ಟೆ ಒಗೆಯುದು ನಾನು. ನಾಳೆ ನಾನು ಹಾಸಿಗೆ ಹಿಡಿದ್ರೆ ಯಾರು ಮಾಡ್ತಾರೆ, ನೀವಾ? ಮದುವೆ ಇಲ್ಲ ಮಕ್ಕಳಿಲ್ಲ, ಅವಳಿಗೆ ಅದು ಎಂತಕ್ಕೆ?”

ಅಮ್ಮನ ಮಾತಿನಲ್ಲಿ ಅರ್ಧ ನಿಜ. ಅವಳ ಬೆನ್ನು ನೋವು, ಅವಳ ದಣಿವು ನಾನೇ ಕಂಡದ್ದು. ಆದರೆ ಆ ಅರ್ಧ ನಿಜಕ್ಕೆ ಅಪ್ಪ ಒಂದು ಬಕೆಟ್ ಬಟ್ಟೆ ಒಗೆದುಕೊಟ್ಟಿದ್ದರೆ ಸಾಕಿತ್ತು. ಗಂಡಸು ಬಟ್ಟೆ ಒಗೆಯುವುದಕ್ಕಿಂತ ಹೆಂಗಸಿನ ಹೊಟ್ಟೆ ಕೊಯ್ಯುವುದು ನಮ್ಮ ಮನೆಯಲ್ಲಿ ಸುಲಭವಾಗಿ ಕಂಡಿತು. ಅಜ್ಜಿ ಅಪ್ಪನಿಗೆ ಇನ್ನೊಂದು ದೋಸೆ ಹಾಕಿದರು. ನಾಲ್ಕು ಗಜ ದೂರದಲ್ಲಿ ಕೂತಿದ್ದ ಅತ್ತೆಯನ್ನು ಯಾರೂ ನೋಡಲೂ ಇಲ್ಲ.

ಮರುದಿನ ಮಧ್ಯಾಹ್ನ ಸೀರಿಯಲಿನ ನಡುವೆ ಅತ್ತೆ ನನ್ನ ಫ್ರಾಕು ಹಿಡಿದೆಳೆದರು. ಟಿವಿಯ ಸದ್ದು ಕಡಿಮೆ ಮಾಡಿಸಿದರು.

“ಅದು ನನ್ನದು. ನಂಗೆ ಬೇಕು. ಅಣ್ಣನಿಗೆ ಹೇಳು.”

“ನೋವಾಗ್ತದಲ್ಲ ಅತ್ತೆ, ಎಂತಕ್ಕೆ ಬೇಕು?”

ಅವರು ಬಹಳ ಹೊತ್ತು ತೆಗೆದುಕೊಂಡರು. ಗಲ್ಲದ ಮೇಲೆ ಜೊಲ್ಲು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ನನ್ನ ಮೈಯಲ್ಲಿ ಎಲ್ಲರ ಹಾಗೆ ನಡೆಯುದು ಅದೊಂದೇ.”

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಇನ್ನು ಮೇಲೆ ಗಂಟು ಇಳಿಸುವ ಕೆಲಸವಿಲ್ಲ ಎಂದು ಆಗಲೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹತ್ತು ವರ್ಷದ ಮಗುವಿಗೆ ಏನು ತಿಳಿಯುತ್ತದೆ ಎಂದು ಇಂದು ಯಾರಾದರೂ ನನ್ನನ್ನು ಸಮಾಧಾನ ಮಾಡಲು ಬಂದರೆ ನನಗೆ ಅಸಹ್ಯವಾಗುತ್ತದೆ. ಗೊತ್ತಾಗುವುದಿಲ್ಲ ಎನ್ನುವ ಮಾತಿನ ಹಿಂದೆ ನಮ್ಮ ಮನೆಯವರು ಸಾಕಷ್ಟು ಅಡಗಿ ಕೂತಿದ್ದಾರೆ, ಅಲ್ಲಿ ನನಗೂ ಒಂದು ಜಾಗ ಬೇಡ.

ಠಾಕುರ್ಲಿಯ ಒಂದು ನರ್ಸಿಂಗ್ ಹೋಮಿನ ಡಾಕ್ಟರರು, ರೋಗಿ ವಯಸ್ಕಳು, ಅಣ್ಣನ ಸಹಿ ಸಾಲದು, ಅವಳ ಪರವಾಗಿ ತೀರ್ಮಾನ ಮಾಡುವ ಪಾಲಕನೆಂದು ಕಾಗದ ಬೇಕು ಎಂದರು. ಕಾಗದಕ್ಕಾಗಿ ಅಪ್ಪ ಒಂದು ದಿನ ರಜೆ ಹಾಕಿ ಅತ್ತೆಯನ್ನು ಠಾಣೆ ಪಟ್ಟಣದ ಸರ್ಕಾರಿ ಕಚೇರಿಯೊಂದಕ್ಕೆ ಕರೆದೊಯ್ದರು. ಮಾತು ತಿಳಿಸಲು ನಾನೂ ಹೋದೆ. ಲೋಕಲ್ ಟ್ರೇನಿನ ಅಂಗವಿಕಲರ ಡಬ್ಬಿಯಲ್ಲಿ ಅತ್ತೆ ಕಿಟಕಿಯ ಬಳಿ ಕೂತು ಹೊರಗೆ ನೋಡುತ್ತಿದ್ದರು, ಅವರು ಟ್ರೇನು ಹತ್ತಿ ಐದಾರು ವರ್ಷವಾಗಿತ್ತು. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅಲ್ಲಿ ಕೇಳಿದ್ರೆ ಹೌದು ಅಂತ ಹೇಳ್ಬೇಕು ಪುಟ್ಟಿ. ಅತ್ತೆ ಗಾಬರಿಯಲ್ಲಿ ಏನಾದ್ರೂ ಹೇಳ್ಬಹುದು. ಎಲ್ಲ ಅವಳ ಒಳ್ಳೇದಕ್ಕೇ ಅಲ್ವಾ?”

ಉದ್ದನೆಯ ಮೇಜು, ಆಚೆ ಮೂವರು. ಗುಮಾಸ್ತ ಅತ್ತೆಯನ್ನು ಹೆಸರು ಕೇಳಿದ. ಅತ್ತೆ “ಸು” ಎನ್ನುವಷ್ಟರಲ್ಲಿ ಅಪ್ಪ ಹೇಳಿ ಮುಗಿಸಿದರು, ಅವನು ಬರೆದುಕೊಂಡ. ವಯಸ್ಸೂ ಹಾಗೆಯೇ, ವಿಳಾಸವೂ ಹಾಗೆಯೇ. ಮೂವರಲ್ಲಿ ಒಬ್ಬ ಹೆಂಗಸು, ಕನ್ನಡಕದ ನಡುವಯಸ್ಸಿನವರು, ಕುರ್ಚಿ ಈಚೆ ಎಳೆದುಕೊಂಡು ಅತ್ತೆಯ ಎದುರಿಗೇ ಕೂತರು. ಅಪ್ಪನಿಗೆ ಸುಮ್ಮನಿರಲು ಹೇಳಿದರು. ಆಸ್ಪತ್ರೆಯದು ಸೇರಿ ನಿನ್ನ ಎಲ್ಲ ವಿಷಯವನ್ನೂ ಇನ್ನು ಮುಂದೆ ನಿನ್ನ ಅಣ್ಣ ತೀರ್ಮಾನಿಸುತ್ತಾನೆ, ಅದು ನಿನಗೆ ಒಪ್ಪಿಗೆಯೇ ಎಂದು ಮರಾಠಿಯಲ್ಲಿ ನಿಧಾನವಾಗಿ ಕೇಳಿದರು. ನಾನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದೆ. ನನಗಿಂತ ಮೊದಲೇ ಅತ್ತೆ ಶುರು ಮಾಡಿದ್ದರು.

“ಬೇಡ. ಅಣ್ಣ ಒಳ್ಳೆಯವನು. ಆದ್ರೆ ನನ್ನದು ನಾನೇ ಹೇಳುದು. ಆಪರೇಷನ್ ಬೇಡ.”

ಆ ಹೆಂಗಸು ಗಡಿಯಾರ ನೋಡಲಿಲ್ಲ, ಪೆನ್ನು ಮುಟ್ಟಲಿಲ್ಲ, ಕೊನೆಯ ಪದದವರೆಗೂ ಕಾದರು. ಅಲ್ಲಿಯವರೆಗೆ ನಾನು ಬಿಟ್ಟರೆ ಅತ್ತೆಗಾಗಿ ಯಾರೂ ಅಷ್ಟು ಕಾದದ್ದನ್ನು ನೋಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಏನು ಹೇಳಿದಳು ಮಗೂ ಎಂದರು.

“ಹೋ ಮ್ಹಣತೇ,” ಎಂದೆ. ಹೌದಂತೆ. ಅಣ್ಣ ಮಾಡಿದ್ದು ನಡೆಯುತ್ತದಂತೆ.

“ಅಷ್ಟು ಹೊತ್ತು ಮಾತಾಡಿದಳಲ್ಲ, ಇಷ್ಟೇನಾ?”

“ಬಾಕೀ ಕಾಹೀ ನಾಹೀ,” ಎಂದೆ. ಬೇರೇನೂ ಇಲ್ಲ.

ಅತ್ತೆ ತಲೆ ತಿರುಗಿಸಿ ನನ್ನನ್ನು ನೋಡಿದರು. ಆಗ ನನಗೆ ಹೊಳೆಯಿತು, ಅವರಿಗೆ ಮರಾಠಿ ಬರುತ್ತಿತ್ತು. ವರ್ಷಗಟ್ಟಲೆ ಸೀರಿಯಲ್ ನೋಡಿದವರಿಗೆ ಬರದೆ ಏನು? ಅಷ್ಟೂ ಮಧ್ಯಾಹ್ನ ನಾನು ಕಥೆ ಬಿಡಿಸಿ ಹೇಳುವುದನ್ನು, ನನಗೆ ಖುಷಿಯಾಗಲಿ ಎಂದು ಕೇಳಿಸಿಕೊಂಡಿದ್ದರು. ಅವರು ಮತ್ತೆ ಬಾಯಿ ತೆರೆದರು, ಮೇಜಿನ ಅಂಚನ್ನು ಬಡಿದರು, ಸಿಟ್ಟಿಗೆ ಮಾತು ಇನ್ನಷ್ಟು ಸಿಕ್ಕಿಕೊಂಡಿತು. ಅಪ್ಪ ಎದ್ದು ಅವರ ಭುಜ ಹಿಡಿದು, ಹೀಗೇ ಮೇಡಂ, ಒಮ್ಮೊಮ್ಮೆ ಹೀಗೇ ಆಗುತ್ತದೆ ಎಂದರು. ಆ ಹೆಂಗಸು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೊನೆಗೆ ಪೆನ್ನು ಎತ್ತಿಕೊಂಡರು. ಠಾಣೆ ರೈಲ್ವೆ ಸ್ಟೇಷನ್ನಿನ ಹೊರಗೆ ಅಪ್ಪ ನನಗೆ ವಡಾಪಾವ್ ಕೊಡಿಸಿ, ಜಾಣೆ ಎಂದು ತಲೆ ಸವರಿದರು. ಅತ್ತೆ ಬೇಡವೆಂದು ಮುಖ ತಿರುಗಿಸಿದ್ದರಿಂದ ಅವರದ್ದನ್ನೂ ನಾನೇ ತಿಂದೆ. ರುಚಿಯಾಗಿತ್ತು, ಅದನ್ನೂ ಇಲ್ಲಿ ಹೇಳಬೇಕು.

ಹೊಟ್ಟೆಯ ಪರೀಕ್ಷೆ ಎಂದು ಹೇಳಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆ ಎಂದು ನಂಬಿದ್ದು ಅದನ್ನು ಹೇಳಿದವರು ಮಾತ್ರ. ಒಂದು ವಾರದ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ತಂದರು. ಅಜ್ಜಿ ಬಾಗಿಲಲ್ಲಿ ದೃಷ್ಟಿ ತೆಗೆದು, ಕಡಲೆಬೇಳೆ ಪಾಯಸ ಮಾಡಿದರು. ಗರ್ಭಚೀಲ ತೆಗೆಸಿ ಬಂದ ಮಗಳಿಗೆ ಪಾಯಸ. ಇನ್ನು ನೀನು ಮೂವತ್ತು ದಿನವೂ ಒಳಗೆ ಬರಬಹುದು, ದೇವರ ಹತ್ತಿರ ಕೂರಬಹುದು ಎಂದು ಅಜ್ಜಿ ಚಮಚೆಯಲ್ಲಿ ಬಾಯಿಗೆ ಹಿಡಿದರು. ಅತ್ತೆ ನುಂಗಲಿಲ್ಲ, ಪಾಯಸ ಗಲ್ಲದಿಂದ ಇಳಿದು ರವಿಕೆಗೆ ಹೋಯಿತು. ಅಪ್ಪ, ಅಮ್ಮ, ನಾನು ತಿಂದೆವು. ಆ ದಿನದಿಂದ ಅತ್ತೆ ನನ್ನ ಹತ್ತಿರ ಮಾತಾಡುವುದನ್ನು ಬಿಟ್ಟರು. ಅನ್ನ, ಸಾಕು, ಬಾಗಿಲು, ಹೀಗೆ ಯಾರಿಗಾದರೂ ತಿಳಿಯುವ ಪದಗಳನ್ನು ಮಾತ್ರ ಹೇಳುತ್ತಿದ್ದರು. ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಪರೇಷನ್ ಆದ ಮೇಲೆ ಎಷ್ಟು ಶಾಂತವಾಗಿದೆ ನೋಡಿ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಂಡರು.

ಎರಡು ವರ್ಷ ಕಳೆದು ಗ್ಯಾಲರಿಗೆ ಹೋಗುವ ಸರದಿ ನನ್ನದಾಯಿತು. ನನ್ನ ಓಡಾಟಕ್ಕೆ ಮನೆಯಲ್ಲಿ ಮಕ್ಕಳಿರಲಿಲ್ಲ, ಅಜ್ಜಿ ಅತ್ತೆಯ ಕೈಯಲ್ಲೇ ತಟ್ಟೆ ಕೊಟ್ಟು ಕಳಿಸಿದರು. ಅತ್ತೆ ಕಾಲೆಳೆದುಕೊಂಡು ಬಂದು, ಹೊಸ್ತಿಲ ಬಳಿ ಕೂತು, ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಸಾರು ಅರ್ಧ ನೆಲಕ್ಕೆ ಚೆಲ್ಲಿತು. ಅತ್ತೆ ಎಂದು ಕರೆದೆ. ನನ್ನ ಬಟ್ಟೆ ನೋಡಿದರು, ಮುಖ ನೋಡಿದರು, ಎದ್ದರು, ಬಾಗಿಲೆಳೆದು ಚಿಲಕ ಹಾಕಿದರು. ಚಿಲಕ ಹಾಕಲು ಯಾರೂ ಹೇಳಿರಲಿಲ್ಲ. ಮೂರು ದಿನ ಅಲ್ಲಿ ಕೂತು, ಕೆಳಗೆ ರಿಕ್ಷಾಗಳನ್ನು ನೋಡುತ್ತ, ನಾನು ಮೊದಲ ಬಾರಿಗೆ ಆ ಮನೆಯನ್ನು ಹೊರಗಿನಿಂದ ನೋಡಿದೆ. ಆಗ ಹುಟ್ಟಿದ ಅಸಹ್ಯ ಇನ್ನೂ ಹೋಗಿಲ್ಲ, ಹೋಗಬೇಕೆಂದು ನನಗೂ ಇಲ್ಲ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದರು. ಕಾನೂನೂ ಬದಲಾಗಿತ್ತು. ಅಂಗವಿಕಲರು ತಮ್ಮ ಬದುಕಿನ ವಿಷಯ ಎಲ್ಲರ ಹಾಗೆ ತಾವೇ ತೀರ್ಮಾನಿಸಬಹುದು, ಬೇಕಾದರೆ ಸಹಾಯ ಪಡೆಯಬಹುದು ಎಂದು ಅದರಲ್ಲಿ ಬರೆದಿದ್ದರು. ಅಪ್ಪ ಅತ್ತೆಯನ್ನು ನವಿ ಮುಂಬಯಿಯ ಯಾವುದೋ ಆಶ್ರಮಕ್ಕೆ ಬಿಡುವ ಯೋಚನೆಯಲ್ಲಿದ್ದರು, ಅದಕ್ಕೂ ಆ ಹಳೆಯ ಪಾಲಕನ ಕಾಗದವೇ ಸಾಕಿತ್ತು. ಒಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆ ನನ್ನ ದುಪಟ್ಟಾ ಹಿಡಿದು ನಿಲ್ಲಿಸಿದರು. ಹದಿನೈದು ವರ್ಷದಲ್ಲಿ ನನಗೆ ಹೇಳಿದ ಮೊದಲ ಪೂರ್ತಿ ಮಾತು ಅದು.

“ಆ ಕಾಗದ ತೆಗೆಸ್ಬೇಕು. ನನ್ನನ್ನು ಠಾಣೆಯ ಆ ಕಚೇರಿಗೆ ಕರ್ಕೊಂಡು ಹೋಗು.”

ಆ ದಿನ ಆಫೀಸಿನಲ್ಲಿ ನನಗೆ ಕೆಲಸ ಸಾಗಲಿಲ್ಲ, ಕ್ಷಮೆ ಸಿಕ್ಕಿತು ಎಂದು ಬಾತ್‌ರೂಮಿಗೆ ಹೋಗಿ ಅತ್ತುಬಂದೆ. ಅರ್ಜಿ ಬರೆದೆ, ಅಪ್ಪನ ಹತ್ತಿರ ಜಗಳ ಮಾಡಿದೆ, ರಜೆ ಹಾಕಿ ಅವರನ್ನು ಕರೆದೊಯ್ದೆ. ಮೇಜಿನಾಚೆ ಹೊಸಬರು, ಎಳೆಯ ವಯಸ್ಸಿನ ಅಧಿಕಾರಿ. ಅವರು ಅತ್ತೆಗೇ ನಮಸ್ಕಾರ ಹೇಳಿ, ಅತ್ತೆಗೇ ಕುರ್ಚಿ ತೋರಿಸಿ, ನಿಮ್ಮ ಮಾತು ನಮಗೆ ತಿಳಿಸಲು ಯಾರಿದ್ದಾರೆ ಎಂದು ಕೇಳಿದರು. ನಾನಿದ್ದೇನೆ ಸರ್, ಅವರ ಮಾತು ನನಗೆ ಚಿಕ್ಕಂದಿನಿಂದ ಗೊತ್ತು ಎಂದು ಕುರ್ಚಿ ಎಳೆದುಕೊಂಡೆ.

ಅತ್ತೆ ಮೇಜಿನ ಮೇಲೆ ಕೈ ಊರಿದರು. ಅವಸರ ಮಾಡಲಿಲ್ಲ.

“ಇವಳು ಬೇಡ. ಇವಳು ಸುಳ್ಳು ಹೇಳ್ತಾಳೆ. ಪೇಪರ್ ಕೊಡಿ, ನಾನೇ ಬರೀತೇನೆ. ತಡ ಆಗ್ತದೆ, ಕಾಯಿರಿ.”

ಅಧಿಕಾರಿಗೆ ಒಂದು ಪದವೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, ಏನು ಹೇಳಿದರು ಎಂದರು. ಅತ್ತೆ ನನ್ನ ಬಾಯಿಯನ್ನೇ ನೋಡುತ್ತ ಕೂತರು. ನಾನು ಅವರು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಪದ ಬಿಡದೆ, ಮರಾಠಿಯಲ್ಲಿ ಹೇಳಿದೆ. ಸುಳ್ಳು ಹೇಳುತ್ತಾಳೆ ಎಂಬುದನ್ನೂ ಹೇಳಿದೆ. ಸರಿಯಾಗಿದೆ ಎಂದು ಅತ್ತೆ ತಲೆಯಾಡಿಸಿದರು, ಆಮೇಲೆ ನನಗೆ ಬಾಗಿಲು ತೋರಿಸಿದರು.